ಗಾಳಿ ಕದಿಯುವ ಗರಗಸ

ನೀವು ನಂಬೋದಿಲ್ಲ. ನಂಬದಿದ್ದರೆ ಎದ್ದು ಹೋಗಿ, ನಾನೇನು ಕಾಲು ಹಿಡಿಯೋದಿಲ್ಲ. ಬರೀ ಸದ್ದು ಕೇಳಿ ಮಿಷನ್ನಿನ ರೋಗ ಹೇಳುವವನು ಹದಿನೆಂಟು ಹಳ್ಳಿಗೆ ನಾನೊಬ್ಬನೇ, ಬೂದಿಹಾಳದ ದುರುಗ.

ಒಂದು ಬೆಳಿಗ್ಗೆ ನಮ್ಮೂರಲ್ಲಿ ಡಂಗುರ ಹೊಡೆದರು: "ಕೇಳ್ರಪ್ಪೋ! ದೊರೆಯ ಮರ ಕೊಯ್ಯುವ ಮಿಷನ್ನು ಕೆಟ್ಟು ನಿಂತಿದೆ. ಕೆಡಿಸಿದ ಹೊನ್ನೂರ ಸೆರೆಮನೆಯಲ್ಲಿದ್ದಾನೆ. ದೊರೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ!"

ಹೊನ್ನೂರ ನನ್ನ ಅಣ್ಣ, ಅರಮನೆಯ ಮೆಕ್ಯಾನಿಕ್. ಸ್ಪ್ಯಾನರ್ ಹಿಡಿಯೋದು ನನಗೆ ಕಲಿಸಿದವನು.

"ಒಬ್ಬನ್ನ ಒಳಗೆ ಹಾಕ್ಯಾರ. ನೀನೂ ಹೋಗಬ್ಯಾಡೋ" ಅಂದಳು ಅವ್ವ.

"ಬೇಡಿದ್ದು ಕೊಡ್ತಾರಂತಬೇ. ಅಣ್ಣನ್ನ ಬೇಡ್ತೀನಿ. ರಾತ್ರಿ ಊಟಕ್ಕೆ ಇಬ್ಬರೂ ಇರ್ತೀವಿ."

ಅರಮನೆಗೆ ಎಲ್ಲರಿಗಿಂತ ಮೊದಲು ಮುಟ್ಟಿದವನು ನಾನೇ. ಹಿಂದೆಯೇ ಗಡಿಯಾರದ ಸೋಮಶೆಟ್ಟಿ, ಕಮ್ಮಾರ ಮಲ್ಲೋಜ ಬಂದರು. ಕಾವಲಿನವನು "ಹೋಗಪ್ಪಾ ಒಳಗೆ" ಅಂದ. ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತೆ. "ಈ ದೊಡ್ಡವರು ಮೊದಲು ಸೋಲಲಿ. ಆಮೇಲೆ ಗೆದ್ದರೆ ಸಭೆಗೆ ನನ್ನ ಬೆಲೆ ತಿಳಿಯುತ್ತೆ" ಅಂದುಕೊಂಡೆ.

ದೊರೆ ಸೋಮಶೆಟ್ಟಿಯನ್ನು ಕೇಳಿದ: "ಹೊಟ್ಟೆ ತುಂಬ ಪೆಟ್ರೋಲು ಕೊಟ್ಟರೂ ಮಿಷನ್ನು ತನ್ನಷ್ಟಕ್ಕೆ ಕಿರುಚಿಕೊಂಡು ಓಡುತ್ತದೆ, ಓಡಿ ಮೈ ಸುಟ್ಟುಕೊಳ್ಳುತ್ತದೆ. ಅದು ಕದ್ದು ಕುಡಿಯುವುದೇನು?"

"ಎಣ್ಣೆ, ಮಹಾಪ್ರಭು."

ಅವನನ್ನು ಎಳೆದುಕೊಂಡು ಹೋದರು. ಮಲ್ಲೋಜನಿಗೆ ಬೇರೆ ಒಗಟು: "ಕಬ್ಬಿಣದ ಬಳೆ ತನಗಿಂತ ಕಿರಿದಾದ ಗೂಡಿನಲ್ಲಿ ಕೂರಬೇಕು. ಸುತ್ತಿಗೆ ಮುಟ್ಟಬಾರದು. ಹೇಗೆ?"

"ಗೂಡನ್ನೇ ಅರದಿಂದ ಉಜ್ಜಿ ದೊಡ್ಡದು ಮಾಡಿದರಾಯ್ತು."

ಅವನೂ ಹೋದ. ದೊರೆ ಕಾವಲಿನವನನ್ನು ಕರೆದು ಕಿವಿಯಲ್ಲಿ ಏನೋ ಅಂದ. ಅವನು ಹೊರಗೆ ನಡೆದ. ನಾನು ಮೀಸೆ ತಿರುವುತ್ತ ಬಾಗಿಲು ದಾಟಿ ಒಳಗೆ ಬಂದೆ. ದೊರೆ ಅವೇ ಎರಡು ಒಗಟನ್ನು ನನಗೂ ಹಾಕಿದ.

"ಮೊದಲನೆಯದು ಗಾಳಿ, ದೊರೆ. ಒಳಗೆ ತಿರುಗುವ ಕ್ರ್ಯಾಂಕಿನ ದಂಡಕ್ಕೆ ಎರಡೂ ಕಡೆ ಬಳೆಯಂಥ ಬೇರಿಂಗು, ಅದರಾಚೆ ಗಾಳಿ ತಡೆಯುವ ರಬ್ಬರಿನ ಸೀಲು. ಬೇರಿಂಗು ಸವೆದರೆ ಕ್ರ್ಯಾಂಕು ಅಲ್ಲಾಡಿ ಸೀಲು ಹರಿಯುತ್ತೆ. ಆ ಸಂದಿಯಿಂದ ಗಾಳಿ ಎಳೆದುಕೊಂಡು ಮಿಷನ್ನು ಹುಚ್ಚೆದ್ದು ಓಡುತ್ತೆ. ಎರಡನೆಯದು ನಮ್ಮವ್ವನ ರೊಟ್ಟಿ ಹೆಂಚಿನ ಕೆಲಸ. ನೀರು ಚಿಮುಕಿಸಿದರೆ ಚುಯ್ ಅನ್ನುವಷ್ಟು ಗೂಡನ್ನು ಹೆಂಚಿನ ಮೇಲೆ ಕಾಯಿಸಬೇಕು. ಅಲ್ಲೀತನಕ ಬೇರಿಂಗು ಮಂಜುಗಡ್ಡೆಯಲ್ಲಿ ಇರಬೇಕು. ಗೂಡು ಹಿಗ್ಗುತ್ತೆ, ಬಳೆ ಕುಗ್ಗುತ್ತೆ. ಕೈ ಬಿಟ್ಟರೆ ಟಕ್ ಅಂತ ಕೂತುಬಿಡುತ್ತೆ."

ಸಭೆ ಹೋ ಅಂದಿತು. ದೊರೆಯ ಮುಖ ಮಾತ್ರ ಬಿಳಿಚಿಕೊಂಡಿತು.

"ಮೂರನೆಯದು" ಅಂದ. "ಒಂದೇ ಭಾರ ಹೊತ್ತ ಇಬ್ಬರಲ್ಲಿ ಒಬ್ಬ ಸತ್ತ. ಇನ್ನೊಬ್ಬ ನೋಡಲು ಗಟ್ಟಿಯಾಗಿದ್ದಾನೆ. ಉಳಿದವನನ್ನು ಏನು ಮಾಡುತ್ತೀ?"

"ಕಿತ್ತು ಎಸೀತೀನಿ. ಅವೂ ಬೇರಿಂಗುಗಳೇ. ಸತ್ತವನ ಕಬ್ಬಿಣದ ಪುಡಿ ಉಳಿದವನ ಹೊಟ್ಟೆಗೂ ಹೋಗಿರುತ್ತೆ. ಒಂದನ್ನೇ ಬದಲಾಯಿಸಿದರೆ ನಾಲ್ಕು ದಿನಕ್ಕೆ ಮಿಷನ್ನು ಹಿಡಿದುಕೊಂಡು ತಿರುಗದೆ ನಿಲ್ಲುತ್ತೆ. ಎರಡು ಬೇರಿಂಗು, ಎರಡು ಸೀಲು, ನಾಲ್ಕೂ ಹೊಸದಾಗಬೇಕು. ನಮ್ಮಣ್ಣ ಕಲಿಸಿದ್ದು ಇದು. ಈಗ ಅವನನ್ನು ಕೊಡಿ, ದೊರೆ."



"ಅವನು ಬೇಡಿದ್ದೂ ನಾಲ್ಕೇ" ಅಂದ ದೊರೆ. "ಉಗ್ರಾಣದವನು ಕೊಟ್ಟದ್ದು ಒಂದು ಬೇರಿಂಗು. ಮಿಷನ್ನು ಹಿಡಿದುಕೊಂಡಾಗ ಹೊನ್ನೂರ ಈ ಮೂರು ಮಾತೂ ಹೇಳಿದ. ನಿಜವೋ ಸುಳ್ಳೋ ತಿಳಿಯಲು ಅವನ್ನೇ ಒಗಟು ಮಾಡಿದೆ. ಬಲ್ಲವರಿಬ್ಬರು ಬಂದು ಬೇರೆಯೇ ಹೇಳಿದರು. ಹೊನ್ನೂರನೇ ಸುಳ್ಳ ಅಂದುಕೊಂಡೆ. ಆಗಲೇ ಅವನ ತಲೆ ತೆಗೆಯಲು ಕಾವಲಿನವನಿಗೆ ಹೇಳಿ ಕಳಿಸಿದೆ."

"ಯಾವಾಗ?"

"ನೀನು ಒಳಗೆ ಬರುವ ಮುಂಚೆ."

ನಾನೇ ಮೊದಲು ಒಳಗೆ ಹೋಗಿದ್ದರೆ. ಇಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಹೊರಗೆ ಓಡಿದೆ. ಅಂಗಳದಲ್ಲಿ ಕಾವಲಿನವನು ಕತ್ತಿ ತೊಳೆಯುತ್ತಿದ್ದ.

"ಬೇರೆ ಏನಾದರೂ ಬೇಡು, ಕೊಡುತ್ತೇನೆ" ಅಂದ ದೊರೆ ಹಿಂದಿನಿಂದ. ನಾನು ತಿರುಗದೆ ಸೆರೆಮನೆಯ ಕಡೆ ನಡೆದೆ. ಕೊನೆಗೆ ದೊರೆಯೇ ತೀರ್ಮಾನ ಮಾಡಿದ.

ನನಗೆ ಅಣ್ಣನ ಕೆಲಸ ಕೊಟ್ಟರು.