ಬಿಳಿ ಸೆಳೆವ ಬೀಳಿಸಿದ ಮಿಡತೆ

ದೂರದ ಉತ್ತರದ ಊರಿಂದ ಬಂದ ಸೆಳೆವ ಹಕ್ಕಿಗಳು ಬಯಲಿನ ಹುಲ್ಲಿನಲ್ಲಿ ಚಳಿಗಾಲ ಕಳೆಯುತ್ತಿದ್ದವು. ಗಿಡುಗನ ನೆಂಟರು. ಅವರಲ್ಲಿ ಬಿಳಿ ಸೆಳೆವ, ಪಟ್ಟೆ ಸೆಳೆವ ಎಂದು ಎರಡು ಕುಲ. ಪಟ್ಟೆಯವರ ಗಂಡಿಗೆ ರೆಕ್ಕೆಯ ಮೇಲೆ ಕರಿ ಪಟ್ಟೆ. ಹೆಣ್ಣುಗಳೆಲ್ಲ ಒಂದೇ ಕಂದು. ಬಿಳಿ ಕುಲದ ಹೆಣ್ಣಿಗೆ ಕೊರಳ ಸುತ್ತ ಬಿಳಿ ಗೆರೆ, ಅಷ್ಟೇ.

ಒಬ್ಬ ಬಿಳಿ ಸೆಳೆವನ ಹೆಂಡತಿ ತೀರಿಕೊಂಡಿದ್ದಳು. ಅವನು ಮೇಲಿಂದ ಬೀಳಿಸಿದ ಬೇಟೆಯನ್ನು ಅವಳು ಗಾಳಿಯಲ್ಲೇ ಅಂಗಾತ ತಿರುಗಿ ಹಿಡಿಯುತ್ತಿದ್ದಳು. ಅವಳು ಹೋದ ಮೇಲೂ ಅವನು ಸಿಕ್ಕಿದ್ದನ್ನೆಲ್ಲ ಬೀಳಿಸುತ್ತಲೇ ಇದ್ದ. ತಾನು ಸೊರಗಿದ. ಕೆಳಗೆ ಇರುವೆಗಳು ಕೊಬ್ಬಿದವು.

"ಯಜಮಾನರೇ, ನಾಳೆ ಸ್ವಲ್ಪ ದಪ್ಪದ್ದು ಹಾಕಿ," ಎಂದಿತು ಒಂದು ಇರುವೆ.

ಮರುದಿನ ದಪ್ಪ ಮಿಡತೆಯನ್ನೇ ಬೀಳಿಸಿದ. ಕಂದು ಹಕ್ಕಿಯೊಂದು ಸುಯ್ಯನೆ ಬಂದು, ಅಂಗಾತ ತಿರುಗಿ, ಹಿಡಿದುಬಿಟ್ಟಿತು. ತನ್ನವಳೇ ಏನೋ ಎಂದು ಅವನು ಹತ್ತಿರ ಹಾರಿದ. ಕೊರಳು ನೋಡಿದ. ಬಿಳಿ ಗೆರೆ ಇಲ್ಲ.

"ನೀನು ಪಟ್ಟೆಯವಳು! ನಿಮಗೆ ಹಿಡಿಯೋಕೆ ಬರಲ್ಲ ಅಂತಿದ್ದಳು ನನ್ನವಳು."

"ನಿಮಗೆ ಬೀಳಿಸೋದು ಬಿಟ್ಟು ಬೇರೆ ಬರಲ್ಲ ಅಂತಾರೆ ನಮ್ಮವರು. ಮೈ ನೋಡ್ಕೊಂಡಿದ್ದೀಯಾ? ಬರೀ ಗರಿ! ಬೇಸಿಗೆಗೆ ಊರಿಗೆ ಹೇಗೆ ಹಾರ್ತೀಯ? ತಗೋ, ಹಿಡಿ!"

ಅವಳು ಮೇಲೇರಿ ಮಿಡತೆ ಬಿಟ್ಟಳು. ಬೀಳಿಸುವುದಷ್ಟೇ ಗೊತ್ತಿದ್ದವನು ಗಾಬರಿಯಲ್ಲಿ ಮಗುಚಿದ. ಆಕಾಶ ಕೆಳಗಾಯಿತು, ಹುಲ್ಲು ಮೇಲಾಯಿತು, ಮೂರು ಪಲ್ಟಿ ಹೊಡೆದು ಹೇಗೋ ಹಿಡಿದ. ನಗುತ್ತಾ ನಗುತ್ತಾ ತಿಂದ.

"ಯಜಮಾನರೇ, ನಮ್ಮದು?" ಎಂದಿತು ಇರುವೆ.

"ಮೇಲೆ ಬಂದು ಹಿಡಿಯಿರಿ!" ಎಂದವನು, ಬೇಕಿಲ್ಲದಿದ್ದರೂ ಇನ್ನೊಂದು ಪಲ್ಟಿ ಹೊಡೆದ.