ಅಂಬಿಗ ತಿರುಕಪ್ಪನ ಮೊಮ್ಮಗಳು

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ದುರುಗೇಶ ಊರಿಗೆ ಹೋದ. ಹನ್ನೆರಡು ದಿನದ ಮೇಲೆ ಆಶ್ರಮಕ್ಕೆ ಮರಳಿದ. ಗುರುಗಳು ಹೊಳೆದಂಡೆಯಲ್ಲಿ ಕೂತಿದ್ದರು.

"ಎಲ್ಲಾ ಸರಿಯಾಗಿ ಆಯಿತಾ?"

"ಇಲ್ಲ ಗುರುಗಳೇ. ಹನ್ನೊಂದನೆಯ ದಿನ ಅಪ್ಪನ ಬಗ್ಗೆ ನಾಲ್ಕು ಮಾತಾಡು ಅಂದರು. ಆಡಿದೆ. ನಡುವೆ ನನ್ನ ತಂಗಿಯ ಮಗಳು ಹುಲಿಗೆವ್ವ ಎದ್ದು ನಿಂತಳು. ಏಳು ವರ್ಷದವಳು. 'ಮಾಮಾ, ನೀ ಯಾರ ಅಜ್ಜನ ಸುದ್ದಿ ಹೇಳಾಕತ್ತೀದಿ?' ಅಂದಳು."

"ನೀನು ಏನು ಹೇಳಿದ್ದೆ?"

"ನಮ್ಮಪ್ಪ ಸಜ್ಜನ. ದೈವಭಕ್ತ. ಯಾರಿಗೂ ಕೆಟ್ಟದ್ದು ಬಯಸಿದವನಲ್ಲ."

ಸ್ವಲ್ಪ ದೂರದಲ್ಲಿ ದಾರಿಹೋಕ ಮುದುಕನೊಬ್ಬ ಪಂಚೆ ಒಗೆಯುತ್ತಿದ್ದ. ಗುರುಗಳು ಎದ್ದು ಅವನ ಹತ್ತಿರ ಹೋದರು.

"ಯಜಮಾನರೇ, ನೀವು ಸಜ್ಜನರಾ?"

"ಸುಮಾರಿಗೆ," ಅಂದ ಮುದುಕ.

"ದೇವರಲ್ಲಿ ಭಕ್ತಿ?"

"ಇದೆ."

"ಯಾರಿಗಾದರೂ ಕೆಟ್ಟದ್ದು ಬಯಸಿದ್ದೀರಾ?"

"ಛೆ, ಛೆ."

ಗುರುಗಳು ತಿರುಗಿ ಕೂಗಿದರು. "ದುರುಗೇಶಾ, ನಿಮ್ಮಪ್ಪ ಇಲ್ಲೇ ಇದ್ದಾನಲ್ಲೋ!"

ದುರುಗೇಶನಿಗೆ ಸಿಟ್ಟು ಬಂತು. "ಅವರಲ್ಲ! ನಮ್ಮಪ್ಪ ಹರಿಗೋಲು ಹಾಕುತ್ತಿದ್ದ ಅಂಬಿಗ. ಅವನ ಹರಿಗೋಲಿನಲ್ಲಿ ಕೂತವರು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಇಳಿಯುತ್ತಿದ್ದರು."

"ಅದನ್ನು ಯಾಕೆ ಹೇಳಲಿಲ್ಲ?"

"ಸತ್ತವನ ಬಗ್ಗೆ ನಗುವುದು ಹೇಗೆ? ಅದೂ ನಾನು, ಆಶ್ರಮದವನು."

"ವಾಪಸು ಹೋಗು. ಆ ಹುಡುಗಿಗೆ ಹೇಳು."

ದುರುಗೇಶ ಹೋದ. ನಾಲ್ಕನೆಯ ದಿನ ಬಂದ. ಕಣ್ಣು ಊದಿಕೊಂಡಿತ್ತು.

"ಏನಾಯಿತು?"

"ಪಟೇಲರ ಕಥೆ ಹೇಳಿದೆ ಗುರುಗಳೇ. ನಮ್ಮೂರ ಪಟೇಲರಿಗೆ ನೀರು ಅಂದರೆ ಜೀವಭಯ. ಒಂದು ದಿನ ಆಚೆ ದಡಕ್ಕೆ ಹೋಗಲು ಹರಿಗೋಲು ಹತ್ತಿದವರೇ ಕಣ್ಣು ಮುಚ್ಚಿಕೊಂಡರು. ಅಪ್ಪ ನಡುಹೊಳೆಯಲ್ಲಿ ಒಂದು ಸುತ್ತು ಹಾಕಿ ಅದೇ ದಡಕ್ಕೆ ತಂದು ಇಳಿಸಿದ. ಪಟೇಲರು ಕಣ್ಣು ಬಿಟ್ಟು, 'ತಿರುಕಪ್ಪಾ, ಇಲ್ಲೂ ನಮ್ಮೂರಿನಂಥದೇ ಆಲದಮರ ಇದೆಯಲ್ಲೋ!' ಅಂದರು. 'ಹೌದ್ರೀ ಗೌಡ್ರ, ನಿಮ್ಮ ಮನೆಯವರಂಥವರೂ ಅದಾರ. ನೋಡ್ರಿ, ಬೈಕೋತ ಬರಾಕತ್ತಾರ,' ಅಂದ ಅಪ್ಪ."

ಗುರುಗಳ ಭುಜ ಕುಲುಕತೊಡಗಿತು.

"ಹುಡುಗಿ ನಕ್ಕಳಾ?"

"ಇಲ್ಲ. 'ತಪ್ಪು ಹೇಳಿದಿ ಮಾಮಾ, ಆಕಿ ಬೈಯಲಿಲ್ಲ,' ಅಂದಳು. ಅಪ್ಪ ಅವಳಿಗೆ ಬೇರೆ ಥರ ಹೇಳಿದ್ದನಂತೆ. ನನಗೆ ಗೊತ್ತೇ ಇರಲಿಲ್ಲ."

"ಹೇಗೆ? ಹೇಗೆ ಹೇಳಿದ್ದ?"

"ಪಟೇಲರು ಮನೆಗೆ ಹೋಗಿ ಬಾಗಿಲು ಬಡಿದರಂತೆ. ಅವರ ಹೆಂಡತಿ ಅರ್ಧ ಬಾಗಿಲು ತೆರೆದು, 'ಯಾರು ಬೇಕಾಗಿತ್ತರೀ? ನಮ್ಮ ಯಜಮಾನರು ಆಚೆ ದಡಕ್ಕೆ ಹೋಗ್ಯಾರ. ನಾಳೆ ಬರ್ರಿ,' ಅಂದಳಂತೆ."

ಗುರುಗಳು ಗಟ್ಟಿಯಾಗಿ ನಕ್ಕರು. ಕಣ್ಣೀರು ಬರುವಷ್ಟು ನಕ್ಕರು.

"ಆಮೇಲೆ?"

"ಹೇಳುತ್ತಾ ಹೇಳುತ್ತಾ ಹುಲಿಗೆವ್ವ ನಕ್ಕಳು. ನಾನೂ ನಕ್ಕೆ. ಒಳಗಿದ್ದ ತಂಗಿ ಹೊರಗೆ ಬಂದು ನಕ್ಕಳು. ಆಮೇಲೆ ಮಗು 'ಆಚೆ ದಡಕ್ಕೆ,' ಅಂತ ತನಗೆ ತಾನೇ ಅಂದುಕೊಂಡಿತು. ಅಜ್ಜ ಸತ್ತ ದಿನದಿಂದ ಅವಳು ಅತ್ತಿರಲಿಲ್ಲವಂತೆ ಗುರುಗಳೇ. ಅವತ್ತು ನನ್ನ ತೊಡೆ ಮೇಲೆ ಬಿದ್ದು ಅತ್ತಳು. ಮೂವರೂ ಅತ್ತೆವು. ಅಳು ನಿಂತ ಮೇಲೆ ಅವಳು ಇನ್ನೂ ಐದು ಕಥೆ ಹೇಳಿದಳು. ಒಂದೂ ನಾನು ಕೇಳಿದ್ದಲ್ಲ."

ದುರುಗೇಶ ಹೊಳೆಯ ಕಡೆ ನೋಡುತ್ತಾ ಕೂತ.

"ದಾರಿಯುದ್ದಕ್ಕೂ ಯೋಚಿಸಿದೆ. ಆ ಕಥೆಗಳಲ್ಲಿ ನೀತಿ ಅಂತ ಏನೂ ಸಿಗಲಿಲ್ಲ."

ಗುರುಗಳು ಕಣ್ಣೊರೆಸಿಕೊಂಡು ಅವನ ಹತ್ತಿರ ಸರಿದು ಕೂತರು.

"ಸದ್ಯ! ಇನ್ನೊಂದು ಹೇಳು."