ದ್ಯಾಮವ್ವನ ಬೆರಳು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಯ ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಚನ್ನವೀರ, ಬುದ್ಧಿವಂತ. ತಾನು ಬುದ್ಧಿವಂತ ಎಂಬುದು ಅವನಿಗೂ ಗೊತ್ತಿತ್ತು, ಅದೊಂದೇ ತೊಂದರೆ.

ಯಾರೋ ಭಕ್ತರು ಆಶ್ರಮಕ್ಕೆ ಐದು ಟ್ಯಾಬ್ ಕೊಟ್ಟರು. ಅಕ್ಷರದ ಮೇಲೆ ಬೆರಳಿಟ್ಟು ಸರಿಯಾಗಿ ತಿದ್ದಿದರೆ ಪರದೆಯಲ್ಲಿ ನಕ್ಷತ್ರದಂಥ ಚುಕ್ಕಿ ಮಿನುಗುತ್ತಿತ್ತು. ತಪ್ಪಿದರೆ ಒಳಗಿನಿಂದ ಒಬ್ಬ ಹೆಂಗಸು ನಗುನಗುತ್ತಾ ಹೇಳುತ್ತಿದ್ದಳು: "ಮತ್ತೊಮ್ಮೆ ಪ್ರಯತ್ನಿಸಿ!"

ಅಕ್ಷರ ಕಲಿಯಲು ಬರುವವರು ನಾನಾ ವಯಸ್ಸಿನವರು. ಏಳು ವರ್ಷದ ಕಸ್ತೂರಿಗೆ ಬಣ್ಣ ಕಂಡರೆ ಸಾಕು, ಕಲಿಯುತ್ತಿದ್ದಳು. ದೋಣಿ ನಡೆಸುವ ಯಮನಪ್ಪ ಅಕ್ಷರಗಳನ್ನು ಹಾಡಿಕೊಂಡು ಕಲಿಯುತ್ತಿದ್ದ. ಎಲ್ಲರಿಗಿಂತ ಹಿರಿಯಳು ದ್ಯಾಮವ್ವ, ಆಶ್ರಮಕ್ಕೆ ದಿನಾ ಜೋಳದ ರೊಟ್ಟಿ ಬಡಿದು ಕೊಡುವವಳು.

ದ್ಯಾಮವ್ವನಿಗೆ ಬೇಕಾದದ್ದು ಮೂರೇ ಅಕ್ಷರ. ಹೊಳೆಯಾಚೆಯ ಊರಲ್ಲಿರುವ ಮಗಳು ವನಜ ಏಳು ತಿಂಗಳ ಬಸುರಿ. ತನ್ನ ಗುಂಡಿ ಫೋನಿನಲ್ಲಿ ಮಗಳ ಹೆಸರನ್ನು ತಾನೇ ಹುಡುಕಿ, ತಾನೇ ಫೋನು ಹಚ್ಚಬೇಕು. ಇಷ್ಟು ದಿನ ಕಂಡಕಂಡವರ ಕೈಗೆ ಫೋನು ಕೊಟ್ಟು ಬೇಡಿಕೊಂಡದ್ದು ಸಾಕಾಗಿತ್ತು.

ಪಾಠ ಮಾಡುತ್ತಿದ್ದ ಚನ್ನವೀರ ಚುಕ್ಕಿ ನೋಡಿ ಎಲ್ಲರನ್ನೂ ಸಾಲಾಗಿ ಕೂರಿಸಿದ. ಹೆಚ್ಚು ಚುಕ್ಕಿಯವರು ಮುಂದೆ. ದ್ಯಾಮವ್ವ ಬಾಗಿಲ ಹತ್ತಿರ.

ಹದಿನೈದು ದಿನವಾದರೂ ಅವಳಿಗೆ ಒಂದೇ ಒಂದು ಚುಕ್ಕಿ ಬರಲಿಲ್ಲ.

"ಅವ್ವಾ, ನಿಮಗ ವಯಸ್ಸಾತು. ಸುಮ್ಮ ಯಾಕ ತ್ರಾಸ ತಗೋತೀರಿ?" ಎಂದ ಚನ್ನವೀರ. ಒಳ್ಳೆಯ ಮನಸ್ಸಿನಿಂದಲೇ ಅಂದ.

ಮರುದಿನ ಆಶ್ರಮಕ್ಕೆ ರೊಟ್ಟಿ ಬಂದವು. ಪಾಠಕ್ಕೆ ದ್ಯಾಮವ್ವ ಬರಲಿಲ್ಲ.

ಅಜ್ಜಾರು ಕೇಳಿದರು: "ದ್ಯಾಮವ್ವ ಎಲ್ಲಿ ತಮ್ಮಾ?"

"ಅಕಿಗೆ ಅಕ್ಷರ ತಲಿಗೆ ಹತ್ತೂದಿಲ್ರಿ ಅಜ್ಜಾರ."

"ಯಾರು ಹೇಳಿದ್ರು?"

"ಟ್ಯಾಬ್ ತೋರಸ್ತದ್ರಿ."

"ದ್ಯಾಮವ್ವ ಏನಂದ್ಲು?"

"ಅಕಿನ್ನ ಕೇಳಿಲ್ರಿ."

ಅಜ್ಜಾರು ತಲೆಯಾಡಿಸಿದರು. "ಅಡಿಗಿ ಮನಿ ಹಂಡೆ ಎಲ್ಲಾ ಕರ್ರಗ ಆಗ್ಯಾವ. ಬೂದಿ ಹಚ್ಚಿ ತಿಕ್ಕು. ಆಮೇಲೆ ಗ್ವಾಡಿಗೆ ಸುಣ್ಣಾ ಬಳಿ."

"ಪಾಠ ಯಾರು ಮಾಡ್ತಾರ್ರಿ?"

"ಟ್ಯಾಬ್ ಮಾಡ್ತದಲ್ಲ. ಎಲ್ಲಾ ಅದಕ್ಕ ಗೊತ್ತದಂತಲ್ಲ."

ಚನ್ನವೀರ ಎಂಟು ದಿನ ತಿಕ್ಕಿದ, ಎಂಟು ದಿನ ಬಳಿದ. ಅಂಗೈ ಒಡೆದು ಬೆರಳು ತೆಂಗಿನ ಚಿಪ್ಪಿನ ಹಾಗಾಯಿತು. ಅಜ್ಜಾರ ಮೇಲೆ ಸಿಟ್ಟೂ ಬಂತು. ಆದರೂ ಬಿಡಲಿಲ್ಲ, ಅಜ್ಜಾರೆಂದರೆ ಅವನಿಗೆ ಅಷ್ಟು ಜೀವ.

ಕೆಲಸ ಮುಗಿದ ಮೇಲೆ ಟ್ಯಾಬ್ ಎತ್ತಿಕೊಂಡು 'ಅ' ತಿದ್ದಿದ. ಚುಕ್ಕಿ ಬರಲಿಲ್ಲ.

"ಮತ್ತೊಮ್ಮೆ ಪ್ರಯತ್ನಿಸಿ!"

ಒತ್ತಿ ತಿದ್ದಿದ. ಮೆಲ್ಲಗೆ ತಿದ್ದಿದ. ಒಳಗಿನ ಹೆಂಗಸು ನಗುನಗುತ್ತಾ ಅದನ್ನೇ ಹೇಳಿದಳು. ಅವನಿಗೆ ಮೈಯೆಲ್ಲ ಉರಿಯಿತು.

ಹಿಂದೆ ನಿಂತಿದ್ದ ಕಸ್ತೂರಿ ಕೇಳಿದಳು: "ಸರ, ನಿಮಗ 'ಅ' ಬರೂದಿಲ್ಲೇನ್ರಿ?"

"ಬರ್ತದವ್ವಾ!"

"ಮತ್ತ ಚುಕ್ಕಿ ಯಾಕ ಬರವಲ್ದು?" ಎಂದವಳೇ ತನ್ನ ಎಳೆ ಬೆರಳನ್ನು ಆಡಿಸಿದಳು. ಚುಕ್ಕಿ ಮಿನುಗಿತು.

ಚನ್ನವೀರ ತನ್ನ ಬೆರಳು ನೋಡಿಕೊಂಡ. ಚರ್ಮ ದಪ್ಪಗಾಗಿ ಒಣಗಿತ್ತು. ಅದು ಮುಟ್ಟಿದ್ದು ಟ್ಯಾಬಿಗೆ ತಿಳಿಯುತ್ತಲೇ ಇರಲಿಲ್ಲ.

ಐವತ್ತು ವರ್ಷ, ಕಾದ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು ಅವನಿಗೆ ನೆನಪಾಯಿತು. ಟ್ಯಾಬ್ ಕಂಕುಳಲ್ಲಿಟ್ಟುಕೊಂಡು ಓಡಿದ.

ದ್ಯಾಮವ್ವ ಒಣ ಹಿಟ್ಟಿದ್ದ ಅಗಲವಾದ ಪರಾತದ ಮುಂದೆ ಕೂತಿದ್ದಳು.

"ಅವ್ವಾ, ತಪ್ಪಾತು. ಪಾಠಕ್ಕ ಬರ್ರಿ."

"ಬ್ಯಾಡ್ರಿ ಸರ. ನನ್ನ ಬೆರಳಿಗೆ ಜೀವ ಇಲ್ಲ."

ಚನ್ನವೀರ ಅವಳೆದುರು ನೆಲದ ಮೇಲೆ ಕೂತ. ಟ್ಯಾಬನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ 'ವ' ತೋರಿಸಿದ. ಪರಾತದ ಹಿಟ್ಟನ್ನು ಕೈಯಿಂದ ಹರಡಿದ.

"ಇದರಾಗ ಬರೀರಿ."

ದ್ಯಾಮವ್ವ ಬೆರಳಿಟ್ಟಳು. ಹಿಟ್ಟಿನಲ್ಲಿ 'ವ' ಮೂಡಿತು, ದುಂಡಗೆ, ಅವಳ ರೊಟ್ಟಿಯ ಹಾಗೆ. ಟ್ಯಾಬ್ ನೋಡದೆಯೇ ಪಕ್ಕದಲ್ಲಿ 'ನ' ಬರೆದಳು. ಆಮೇಲೆ 'ಜ'.

"ಅವ್ವಾ, ನಿಮಗ ಬರ್ತದಲ್ಲ!"

"ಮೊದ್ಲ ಬರ್ತಿತ್ರಿ ಸರ. ಟ್ಯಾಬಿಗೆ ತಿಳೀಲಿಲ್ಲ. ನೀವೂ ಕೇಳ್ಲಿಲ್ಲ."

ಚನ್ನವೀರನಿಗೆ ಮುಖ ಎತ್ತಲಾಗಲಿಲ್ಲ.

ದ್ಯಾಮವ್ವ ಸೆರಗಿಗೆ ಕೈ ಒರೆಸಿ ಫೋನು ತೆಗೆದಳು. ಗುಂಡಿ ಒತ್ತುತ್ತಾ ಒಂದೊಂದೇ ಹೆಸರು ದಾಟಿಸಿದಳು. ಒಂದರ ಮೇಲೆ ನಿಂತಳು.

"ಇದ ಹೌದಲ್ರಿ?"

"ನಾ ಹೇಳೂದಿಲ್ಲ. ನೀವ ಓದ್ರಿ."

"ವ... ನ... ಜ."

ಹಸಿರು ಗುಂಡಿ ಒತ್ತಿದಳು. ಆಚೆಯಿಂದ ಮಗಳ ದನಿ ಬಂತು: "ಯವ್ವಾ! ಯಾರು ಹಚ್ಚಿಕೊಟ್ರು?"

"ಯಾರೂ ಇಲ್ಲ. ನಾನ," ಎಂದಳು ದ್ಯಾಮವ್ವ. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನವೀರನೂ ಅತ್ತುಬಿಟ್ಟ, ಸುಳ್ಳು ಯಾಕೆ ಹೇಳಲಿ.

ಅವನು ಹಿಂದಿರುಗಿದಾಗ ಅಜ್ಜಾರು ಬದನೆ ಪಾತಿ ಅಗೆಯುತ್ತಿದ್ದರು. ನಲವತ್ತು ವರ್ಷದಿಂದ ಆ ತೋಟ ಅವರದೇ ಕೈಕೆಲಸ.

"ಅಜ್ಜಾರ, ದ್ಯಾಮವ್ವ ಮಗಳಿಗೆ ತಾನ ಫೋನ್ ಹಚ್ಚಿದ್ಲು. ತಪ್ಪು ಅಕಿದಲ್ಲ, ಟ್ಯಾಬಿಗೆ ಅಕಿ ಬೆರಳು ತಿಳಿಯೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಅಜ್ಜಾರು ಗುದ್ದಲಿ ಕೆಳಗಿಟ್ಟರು. "ಟ್ಯಾಬ್ ತಾ ಇಲ್ಲೆ."

ಮಣ್ಣು ಒರೆಸಿಕೊಂಡು, ನಾಲಿಗೆ ಹಲ್ಲಿನ ನಡುವೆ ಕಚ್ಚಿ, ಮಕ್ಕಳ ಹಾಗೆ 'ಅ' ತಿದ್ದಿದರು.

"ಮತ್ತೊಮ್ಮೆ ಪ್ರಯತ್ನಿಸಿ!" ಎಂದಿತು ಟ್ಯಾಬ್.

ಅಜ್ಜಾರು ಟ್ಯಾಬನ್ನು ಚನ್ನವೀರನ ಕೈಗೆ ಕೊಟ್ಟು, ಅವನ ಒಡೆದ ಬೆರಳುಗಳನ್ನು ತಮ್ಮ ಒರಟು ಅಂಗೈಯಲ್ಲಿ ಮುಚ್ಚಿ ಹಿಡಿದರು.

"ನೀ ಹೊಳಿಗೆ ಹೋದಾಗೆಲ್ಲ ನಾನೂ ಕೂತು ತಿದ್ದೀನಿ ತಮ್ಮಾ. ಒಂದ ಚುಕ್ಕಿನೂ ಕೊಟ್ಟಿಲ್ಲ ಅದು. ನಾಳೆ ನನ್ನ ಯಾವ ಸಾಲಿನ್ಯಾಗ ಕೂಡಸ್ತಿ?"